ಶೀತ ಇದ್ದವರನ್ನು ಸ್ಕೂಬಾಕ್ಕೆ ಇಳಿಸಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದರೆ ಸಾಕು, ನಮ್ಮ ಉಡುಪಿ, ಮಂಗಳೂರಿನ ಮಕ್ಕಳು ಗುಂಪು ಕಟ್ಟಿಕೊಂಡು ಮುರುಡೇಶ್ವರಕ್ಕೆ ಹೊರಡುತ್ತಾರೆ. ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ, ಸ್ಕೂಬಾ ಮಾಡಲು, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯಲು. ನೀರಿನೊಳಗೆ ಮೀನು, ಹವಳ ನೋಡಿ ಬರುವುದು ಒಳ್ಳೆಯದೇ, ಬೇಡ ಎನ್ನುತ್ತಿಲ್ಲ. ಆದರೆ ಕಿವಿಯ ವಿಷಯದಲ್ಲಿ ಇರುವ ಉಡಾಫೆಯ ಬಗ್ಗೆ ಹೇಳಲೇಬೇಕು.

ನನ್ನ ತಂಗಿಯ ಮಗನೂ ಹೋಗಿದ್ದ. ಶೀತ ಇತ್ತು. ಕಟ್ಟಿದ ಹಣ ವಾಪಸ್ ಸಿಗುವುದಿಲ್ಲ ಎಂದಿದ್ದರಿಂದ ಮೂಗಿಗೆ ಸ್ಪ್ರೇ ಹೊಡೆದುಕೊಂಡು ಇಳಿದ. ಶೀತ ಇದೆಯಾ ಎಂದು ಬೋಟಿನಲ್ಲಿ ಯಾರೂ ಕೇಳಲಿಲ್ಲ. ಸ್ವಲ್ಪ ಕೆಳಗೆ ಹೋಗುವಾಗಲೇ ಬಲಗಿವಿ ನೋಯತೊಡಗಿತು. ಮೂಗು ಹಿಡಿದು ಜೋರಾಗಿ ಊದಿದ. ಒಳಗೆ ಟಪ್ ಎಂದಿತು, ತಲೆ ಗಿರ್ರನೆ ತಿರುಗಿತು. ಮೇಲೆ ಬಂದಾಗ, "ನೀರು ಹೋಗಿರಬೇಕು, ನಾಳೆ ಸರಿಯಾಗ್ತದೆ" ಅಂದರು ಬೋಟಿನವರು. ಮನೆಯಲ್ಲಿ ಹಿರಿಯರು ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟರು. ಇಎನ್‌ಟಿ ವೈದ್ಯರಿಗೆ ತೋರಿಸುವಾಗ ವಾರಗಳೇ ಕಳೆದಿದ್ದವು.

ಈಗಲೂ ಆ ಕಿವಿಯಲ್ಲಿ ಹಗಲು ರಾತ್ರಿ ಗುಂಯ್ ಎನ್ನುವ ಸದ್ದು. ಬಲಗಿವಿಗೆ ಫೋನ್ ಹಿಡಿದರೆ ಮಾತು ಸ್ಪಷ್ಟವಾಗುವುದಿಲ್ಲ. ಹಾಗೆಂದು ಜೋರು ಸದ್ದನ್ನೂ ತಡೆಯಲಾಗುವುದಿಲ್ಲ. ಯಕ್ಷಗಾನ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ, ಚೆಂಡೆ ಶುರುವಾದ ಕೂಡಲೇ ಎದ್ದು ಹೊರಗೆ ಬರುತ್ತಾನೆ. ನೋಡುವಾಗ ಹೊಟ್ಟೆ ಉರಿಯುತ್ತದೆ.

ಆಗುಂಬೆ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದೆ, ಅಲ್ವಾ? ಇಡೀ ಘಾಟಿಯಲ್ಲಿ ಆಗುವಷ್ಟು ಒತ್ತಡದ ವ್ಯತ್ಯಾಸ ನೀರಿನಲ್ಲಿ ಒಂದು ಮೀಟರ್ ಇಳಿಯುವುದರೊಳಗೆ ಆಗಿಬಿಡುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಇದನ್ನು ಸರಿದೂಗಿಸಲು ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಳಿಕೆಯ ಮೂಲಕ ಗಾಳಿ ಹೋಗಬೇಕು. ಶೀತ ಇದ್ದರೆ ಆ ದಾರಿಯೇ ಮುಚ್ಚಿರುತ್ತದೆ. ಆಗ ಕಿವಿಯ ತಮಟೆ ಹರಿಯಬಹುದು. ಬಲವಂತವಾಗಿ ಊದಿದರೆ ಇನ್ನೂ ಅಪಾಯ. ಒಳಗಿವಿಯ ತೆಳುವಾದ ಪೊರೆ ಹರಿದು ಕೇಳುವ ಶಕ್ತಿಗೇ ಪೆಟ್ಟು ಬೀಳಬಹುದು. ಸ್ಪ್ರೇಯನ್ನೂ ನಂಬುವ ಹಾಗಿಲ್ಲ. ನೀರಿನೊಳಗೆ ಇರುವಾಗಲೇ ಅದರ ಪರಿಣಾಮ ಮುಗಿದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಸಿಕ್ಕಿಕೊಳ್ಳುತ್ತದೆ.

ಕಲಿಸಬೇಕಾದದ್ದು ಬಹಳ ಏನಿಲ್ಲ. ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು, ಇಳಿಯುತ್ತಾ ಮತ್ತೆ ಮತ್ತೆ ಊದುತ್ತಿರಬೇಕು. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೆ ಬರಬೇಕು. ಆಗಲೂ ಬಿಡದಿದ್ದರೆ ಆ ದಿನಕ್ಕೆ ಡೈವ್ ಬೇಡ. ಕಿವಿ ತೋರಿಸಿ ಸನ್ನೆ ಮಾಡಿದ ಮೇಲೂ ಕೈ ಹಿಡಿದು ಕೆಳಗೆ ಎಳೆಯಬಾರದು. ಇದನ್ನು ಬೋಟು ಹತ್ತುವ ಮೊದಲೇ, ದಡದಲ್ಲಿ, ಕನ್ನಡದಲ್ಲಿ ನಿಧಾನವಾಗಿ ಹೇಳಲಿ. ಗಡಿಬಿಡಿಯಲ್ಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡರೆ ಸಾಲದು.

ಎಲ್ಲಕ್ಕಿಂತ ಮುಖ್ಯ ಹಣದ ವಿಷಯ. ದುಡ್ಡು ಹೋಗುತ್ತದೆ ಎಂದಾದರೆ ಯಾರು ತಾನೇ ಶೀತ ಇದೆ ಎಂದು ಬಾಯಿ ಬಿಡುತ್ತಾರೆ? ಶೀತ, ಕಿವಿನೋವು ಇದ್ದವರಿಗೆ ಹಣ ವಾಪಸ್ ಕೊಡಬೇಕು ಅಥವಾ ಬೇರೆ ದಿನ ಕೊಡಬೇಕು ಎಂದು ಪ್ರವಾಸೋದ್ಯಮ ಇಲಾಖೆ ನಿಯಮ ಮಾಡಲಿ.

ಹೋಗಿ ಬಂದವರಿಗೂ ಒಂದು ಮಾತು. ಕಿವಿ ಮಂದವಾದರೆ, ಸದ್ದು ಬಂದರೆ, ತಲೆ ತಿರುಗಿದರೆ ಸುಮ್ನೆ ಕಾಯಬೇಡಿ. ಎಣ್ಣೆ ಅಂತೂ ಬೇಡವೇ ಬೇಡ. ಅಂದೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ, ಸ್ಕೂಬಾ ಮಾಡಿದ್ದೇನೆ ಎಂದು ಮೊದಲೇ ಹೇಳಿ. ಕೇಳುವ ನರಕ್ಕೆ ಪೆಟ್ಟಾಗಿದ್ದರೆ ಔಷಧಿ ಫಲ ಕೊಡುವುದು ಮೊದಲ ಕೆಲವು ದಿನಗಳಲ್ಲೇ ಜಾಸ್ತಿ. ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಇಎನ್‌ಟಿ ವೈದ್ಯರಿಗೇನೂ ಬರವಿಲ್ಲ.

– ಒಬ್ಬ ಓದುಗ, ಕುಂಜಿಬೆಟ್ಟು, ಉಡುಪಿ