ಆ ಕಾಲದಲ್ಲಿ ಹುಟ್ಟಬೇಕಿತ್ತು ಅಂದ ಪುಟ್ಟಿಗೆ

ಮೈಸೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಮೆಸೇಜು ಓದಿದೆ. ಕಾಲೇಜಿನಲ್ಲಿ 'ಸಿಂಗಿನ್ ಇನ್ ದ ರೇನ್' ಅನ್ನುವ ಹಳೇ ಹಾಲಿವುಡ್ ಸಿನಿಮಾ ತೋರಿಸಿದರಂತೆ, ನಿನಗೆ ಅದೇ ಗುಂಗು ಹಿಡಿದಿದೆಯಂತೆ. "ನಾನು ಆ ಕಾಲದಲ್ಲಿ ಹುಟ್ಟಬೇಕಿತ್ತು ದೊಡ್ಡಪ್ಪ, ಈಗಿನ ಸಿನಿಮಾದಲ್ಲಿ ಏನಿದೆ" ಅಂತ ಬರೆದಿದ್ದೀಯ. ಇಷ್ಟುದ್ದದ ಉತ್ತರವನ್ನು ಫೋನಿನಲ್ಲಿ ಒತ್ತುತ್ತಾ ಕೂರೋಕೆ ನನ್ನ ಕೈಲಾಗಲ್ಲ. ಅದಕ್ಕೇ ಕಾಗದ.

ಸಿನಿಮಾ ಹಿಡಿಸಿದ್ದು ಬಹಳ ಸಂತೋಷ. ಆದರೆ ನೋಡಿ ಕಣ್ಣೀರು ಹಾಕಿದೆ ಅಂದೆಯಲ್ಲ, ಅದು ನನಗೆ ಅರ್ಥ ಆಗಲಿಲ್ಲ. ಆ ಸಿನಿಮಾ ಎಲ್ಲೂ ಅಳುವುದಿಲ್ಲ ಕಣಮ್ಮ. ಅದು ತೆಗೆದಿದ್ದು 1952ರಲ್ಲಿ, ಕಥೆ ನಡೆಯುವುದು 1927ರಲ್ಲಿ. ಮೂಕಿ ಚಿತ್ರಗಳಿಗೆ ಮಾತು ಬಂದ ವರ್ಷ ಅದು. ಹೀರೋನೂ ನಿರ್ದೇಶಕನೂ ಆದ ಜೀನ್ ಕೆಲ್ಲಿ, ಜೊತೆ ನಿರ್ದೇಶಕ ಸ್ಟ್ಯಾನ್ಲಿ ಡೋನನ್ ಸೇರಿ ತಮ್ಮದೇ ಕಸುಬಿನ ಹಳೇ ಫಜೀತಿಯನ್ನು ಆಡಿಕೊಂಡು ನಕ್ಕಿದ್ದಾರೆ. ಮೈಕನ್ನು ಗಿಡದೊಳಗೆ ಬಚ್ಚಿಡುತ್ತಾರೆ. ಲೀನಾ ಅನ್ನುವ ಹೀರೋಯಿನ್ನು ತಲೆ ಆ ಕಡೆ ತಿರುಗಿಸಿದರೆ ಮಾತು ಮಾಯ. ಮೈಕು ಮೈಮೇಲೆ ಇಟ್ಟರೆ ಎದೆಬಡಿತ ಕೇಳುತ್ತೆ. ಕೊನೆಗೆ ತೆರೆಯ ಮೇಲೆ ಮಾತೂ ಬಾಯಿಯೂ ಬೇರೆಬೇರೆಯಾಗಿ, ವಿಲನ್ನಿನ ಬಾಯಲ್ಲಿ ಹೀರೋಯಿನ್ನಿನ ದನಿ ಬರುತ್ತೆ. ಇದನ್ನು ಮಾಡಿದವರು ಹಿಂದಿನ ಕಾಲಕ್ಕೆ ಕೈಮುಗಿದು ಕೂತವರಲ್ಲ. ಆ ಕಾಲವನ್ನು ಚೆನ್ನಾಗಿ ಬಲ್ಲವರು, ಅದಕ್ಕೇ ಅಷ್ಟು ಸಲಿಗೆ.

ಇನ್ನೊಂದು ಸಲ ನೋಡು. ಈ ಸಲ ಕೆಲಸ ಮಾಡುವವರ ಕಡೆ ಕಣ್ಣಿಡು. ಆ ಮಳೆಯ ಹಾಡಿನಲ್ಲಿ ಕುಣಿಯುವಾಗ ಕೆಲ್ಲಿಗೆ 103 ಡಿಗ್ರಿ ಜ್ವರ. ಕ್ಯಾಥಿ ಅನ್ನುವ ಹೊಸ ಹುಡುಗಿಯ ಪಾತ್ರ ಮಾಡಿದ ಡೆಬ್ಬಿ ರೆನಾಲ್ಡ್ಸ್‌ಗೆ ಹತ್ತೊಂಬತ್ತು ವರ್ಷ, ಅಂದರೆ ನಿನ್ನ ವಯಸ್ಸು. ನೃತ್ಯ ಕಲಿತವಳೂ ಅಲ್ಲ. ಸೋಫಾ ಮಗುಚುವ ಆ ಬೆಳಗಿನ ಹಾಡು ಮುಗಿಸುವ ಹೊತ್ತಿಗೆ ಕಾಲಲ್ಲಿ ರಕ್ತ. ತೆರೆಯ ಮೇಲೆ ನಗು ಬಿಟ್ಟು ಬೇರೇನೂ ಕಾಣಲ್ಲ, ಅಲ್ವಾ?

ಇನ್ನೊಂದು ತಮಾಷೆ ಕೇಳು. ಕಥೆಯಲ್ಲಿ ಲೀನಾಳ ಕೀರಲು ದನಿಯ ಬದಲು ಕ್ಯಾಥಿ ತನ್ನ ದನಿ ಕೊಡುತ್ತಾಳಲ್ಲ. ಆ ಜಾಗದಲ್ಲಿ ಕೇಳಿಸುವ ಇಂಪಾದ ಮಾತು ಲೀನಾ ಪಾತ್ರ ಮಾಡಿದ ಜೀನ್ ಹೇಗನ್‌ಳದ್ದೇ! ಹಾಡಿದ್ದು ಬೆಟ್ಟಿ ನಾಯ್ಸ್ ಅನ್ನುವ ಮೂರನೆಯವಳು, ಅವಳ ಹೆಸರು ಟೈಟಲ್ಲಿನಲ್ಲಿ ಇಲ್ಲ. ಪಾಪದ ಹುಡುಗಿಯ ದನಿ ಕದ್ದರು ಅಂತ ಕಥೆ ಹೇಳುವ ಸಿನಿಮಾನೇ ಒಬ್ಬಳ ಹೆಸರು ಹಾಕಲಿಲ್ಲ. ಇಷ್ಟಾಗಿಯೂ ಆ ಸಿನಿಮಾ ನನಗೆ ಬಹಳ ಇಷ್ಟ. ಇಷ್ಟಪಡುವುದಕ್ಕೆ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ಲೀನಾಳನ್ನು ಎಲ್ಲರೂ ನೋಡಿ ನಗುತ್ತಾರೆ. ನನಗೆ ಮಾತ್ರ ಅವಳ ಮೇಲೆ ಕನಿಕರ. ಮುಖ ನೋಡಿ ಕೆಲಸ ಕೊಟ್ಟವರು ದನಿ ಕೇಳಿ ಆಚೆ ಹಾಕಿದರೆ ಅವಳಾದರೂ ಏನು ಮಾಡಬೇಕಿತ್ತು?

ನಮ್ಮ ಕಡೆ ಇದೇ ವಿಷಯ ತಿರುಗುಮುರುಗು. ಅಲ್ಲಿ ಮಾತು ಬಂದು ಹಲವರ ಅನ್ನ ಹೋಯಿತು. ಇಲ್ಲಿ ಮಾತು ಬಂದ ಮೇಲೇ ನಮಗೊಂದು ಸಿನಿಮಾ ಅಂತ ಆಯಿತು. ಮೂಕಿ ಚಿತ್ರಕ್ಕೆ ಕನ್ನಡ ಯಾವುದು, ಮರಾಠಿ ಯಾವುದು? 1934ರಲ್ಲಿ 'ಸತಿ ಸುಲೋಚನ' ಬಂದಾಗ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅಂಥ ನಾಟಕದವರು ಕನ್ನಡದ ತೆರೆಗೆ ಹತ್ತಿದರು. ದನಿ ಇತ್ತು, ಹಾಡು ಬರುತ್ತಿತ್ತು, ಅಷ್ಟು ಸಾಕಾಗಿತ್ತು. ಶೂಟಿಂಗಿಗೆ ಮಾತ್ರ ಕೊಲ್ಲಾಪುರಕ್ಕೆ ಹೋಗಬೇಕಾಯಿತು. ಆಮೇಲೆ ಎಷ್ಟೋ ವರ್ಷ ರಾಜ್‌ಕುಮಾರ್ ಅವರ ತುಟಿಗೆ ಪಿ.ಬಿ. ಶ್ರೀನಿವಾಸ್ ದನಿ. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು, ಎಮ್ಮೆ ಮೇಲೆ ಕೂತು ಅಣ್ಣಾವ್ರೇ ಹಾಡಿದರು. ಅಲ್ಲಿಂದಾಚೆ ಅವರ ಹಾಡು ಅಂದರೆ ಅವರದ್ದೇ ದನಿ ಅಂತಾಯಿತು. ಆದರೂ ಪಿ.ಬಿ.ಎಸ್. ಹೆಸರು ನಮ್ಮ ಜನ ಮರೆಯಲಿಲ್ಲ. ಬೆಟ್ಟಿ ನಾಯ್ಸ್‌ಗೆ ಇಲ್ಲದ ಅದೃಷ್ಟ.

ಆ 'ಸತಿ ಸುಲೋಚನ'ವನ್ನು ಈಗ ನೋಡೋಣ ಅಂದರೆ ಪ್ರಿಂಟೇ ಇಲ್ಲ. ಕನ್ನಡದ ಮೊದಲ ಮಾತಿನ ಚಿತ್ರವೇ ಕಳೆದುಹೋಗಿದೆ. ಓಟ ಮುಗಿದ ಕಪ್ಪುಬಿಳುಪು ರೀಲುಗಳನ್ನು ಆಗ ಬೆಳ್ಳಿಗೋಸ್ಕರ ಕರಗಿಸುತ್ತಿದ್ದರು. ಫಿಲಂ ಮೇಲಿನ ಲೇಪದಲ್ಲಿ ಬೆಳ್ಳಿ ಇರುತ್ತಿತ್ತಲ್ಲ, ಅದಕ್ಕೆ ಕಾಸು ಬರುತ್ತಿತ್ತು. ನೀನು ಹುಟ್ಟಬೇಕಿತ್ತು ಅನ್ನುವ ಆ ಕಾಲದವರಿಗೇ ತಮ್ಮ ಸಿನಿಮಾದ ಮೇಲೆ ಅಷ್ಟು ಅಕ್ಕರೆ ಇರಲಿಲ್ಲ ಪುಟ್ಟಿ. ಪುಣೆಯಲ್ಲಿ ಸರ್ಕಾರದ ಫಿಲಂ ಆರ್ಕೈವ್ ಶುರುವಾಗಿದ್ದೇ 1964ರಲ್ಲಿ.

ಮಂಡ್ಯದ ಟಾಕೀಸಿನಲ್ಲಿ ನಾನು ಆಪರೇಟರ್ ಆಗಿದ್ದು ನಿನಗೆ ಗೊತ್ತು. ಅದನ್ನೂ ನೀನು ಸೊಗಸಿನ ಕೆಲಸ ಅಂದುಕೊಂಡಿದ್ದೀಯ. ಪ್ರೊಜೆಕ್ಟರ್ ರೂಮು ಒಂದು ಒಲೆ. ಎರಡು ಕಾರ್ಬನ್ ಕಡ್ಡಿಗಳ ಮಧ್ಯೆ ಕಿಡಿ ಹೊತ್ತಿಸಿ ಆ ಬೆಳಕಿನಲ್ಲಿ ಸಿನಿಮಾ ಓಡಿಸಬೇಕು. ಕಡ್ಡಿ ಉರಿದು ಸವೆಯುತ್ತೆ, ನಡುವಿನ ಸಂದು ದೊಡ್ಡದಾಗುತ್ತೆ, ತೆರೆ ಮಂಕಾಗುತ್ತೆ. ತಕ್ಷಣ ಕೆಳಗಿಂದ ಶಿಳ್ಳೆ, ಮನೆಮಂದಿಗೆಲ್ಲ ಬೈಗುಳ. ಎರಡು ಸಾವಿರ ಅಡಿಯ ರೀಲು ಹೆಚ್ಚೆಂದರೆ ಇಪ್ಪತ್ತೆರಡು ನಿಮಿಷ. ಮುಗಿಯುವ ಹೊತ್ತಿಗೆ ತೆರೆಯ ಬಲಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತೆ. ಆಗ ಎರಡನೇ ಮೆಷಿನ್ನಿನ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡು ಬಿಟ್ಟು ಇನ್ನೊಂದು ಚುಕ್ಕೆ, ಆಗ ಬದಲಾಯಿಸಬೇಕು. ಎಲ್ಲರೂ ಹೀರೋನ ಮುಖ ನೋಡುವಾಗ ನಾನು ಮೂಲೆ ನೋಡುತ್ತಿದ್ದೆ. ಎಷ್ಟೋ ಸಿನಿಮಾಗಳ ಕಥೆ ನನಗೆ ಈಗ ಟೀವಿಯಲ್ಲೇ ಗೊತ್ತಾಗುತ್ತಿರುವುದು. ಹಾಗಂತ ಆ ಕೆಲಸ ನನಗೆ ಬೇಜಾರಾಗಿರಲಿಲ್ಲ. ಚೇಂಜೋವರ್ ಗೊತ್ತೇ ಆಗದ ಹಾಗೆ ಆದಾಗ ಒಂದು ಖುಷಿ ಇತ್ತು. ಅದು ಯಾರಿಗೂ ಕಾಣಬಾರದು, ಅದೇ ಅದರ ಗಮ್ಮತ್ತು.

ಹಳೇ ಸಿನಿಮಾದ ಕಾಲ ಅಂದರೆ ನಮ್ಮೂರಿನಲ್ಲಿ ಪ್ರೀಮಿಯರ್ ಸ್ಟುಡಿಯೋನೂ ನೆನಪಾಗುತ್ತೆ. ಜಯಲಕ್ಷ್ಮೀಪುರಂ ಕಡೆ ಬಸವರಾಜಯ್ಯನವರು ಕಟ್ಟಿದ್ದು. ನಮ್ಮಲ್ಲೂ ಫ್ಲೋರು ಇದೆ, ಮದ್ರಾಸಿಗೆ ಓಡಬೇಕಾಗಿಲ್ಲ ಅನ್ನುವ ಹೆಮ್ಮೆ ಮೈಸೂರಿನವರಿಗೆ ಇತ್ತು. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಸೀರಿಯಲ್ಲಿನ ಶೂಟಿಂಗ್ ನಡೆಯುವಾಗ ಅಲ್ಲಿ ಬೆಂಕಿ ಬಿತ್ತು. 62 ಜನ ಹೋದರು. ಪೇಪರಿನಲ್ಲಿ ದೊಡ್ಡದಾಗಿ ಬಂದಿದ್ದು ಹೀರೋನ ಹೆಸರು. ಲೈಟು ಹಿಡಿದವರ, ಸೆಟ್ಟು ಕಟ್ಟಿದವರ ಹೆಸರು ಈಗ ಯಾರಿಗೆ ನೆನಪಿದೆ ಹೇಳು? ಈಗ ಆ ಸ್ಟುಡಿಯೋನೂ ಇಲ್ಲ. ನಿನ್ನನ್ನು ಹೆದರಿಸೋಕೆ ಇದನ್ನು ಬರೆಯಲಿಲ್ಲ. ನೀನು ಸಿನಿಮಾ ಕಲಿಯುತ್ತಿದ್ದೀಯ, ನಾಳೆ ನಿನ್ನದೇ ಸೆಟ್ಟಿರುತ್ತೆ. ಎಷ್ಟೇ ಅವಸರ ಇರಲಿ, ಬಾಗಿಲು ಎಲ್ಲಿದೆ, ವೈರು ಹೇಗಿದೆ ಅಂತ ಮೊದಲು ನೋಡು. ಕೆಲಸ ಮಾಡಿದ ಒಬ್ಬೊಬ್ಬರ ಹೆಸರೂ ಟೈಟಲ್ಲಿನಲ್ಲಿ ಹಾಕು, ಟೀ ತಂದ ಹುಡುಗನದ್ದೂ. ತೆಗೆದಿದ್ದನ್ನು ಎರಡು ಕಡೆ ಕಾಪಿ ಮಾಡಿಡು. ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಬೆಳ್ಳಿ ಇಲ್ಲ ನಿಜ, ಆದರೆ ಒಂದು ದಿನ ಸುಮ್ನೆ ಓಪನ್ನೇ ಆಗಲ್ವಂತೆ.

ಈಗಿನ ಸಿನಿಮಾದಲ್ಲಿ ಏನೂ ಇಲ್ಲ ಅನ್ನುವ ಮಾತು ನನ್ನ ವಯಸ್ಸಿನವರಿಗೆ ಬಿಡು. ನಾವು ಪಾರ್ಕಿನ ಬೆಂಚಿನ ಮೇಲೆ ಕೂತು ಅದನ್ನು ಚೆನ್ನಾಗಿ ನಿಭಾಯಿಸುತ್ತೇವೆ. ನೀನು ಆ 1952ರವರ ಹಾಗೆ ನಿನ್ನ ಕಾಲವನ್ನು ನೋಡಿ ನಗುವುದು ಕಲಿ. ರೀಲ್ಸ್ ಮಾಡೋಕೆ ರಿಂಗ್ ಲೈಟ್ ಹಿಡಿದು ಅರಮನೆ ಮುಂದೆ ಒದ್ದಾಡುತ್ತಾರಲ್ಲ ನಿನ್ನ ಗೆಳತಿಯರು, ಅದರಲ್ಲೇ ಒಂದು ಸಿನಿಮಾ ಇದೆ.

ದಸರಾ ರಜಕ್ಕೆ ಬರುವಾಗ ಆ ಸಿನಿಮಾ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಬಾ. ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ನೋಡು. ಸಬ್‌ಟೈಟಲ್ ಅವಳಿಗೆ ಓದಲು ಬರಲ್ಲ, ನೀನೇ ಕನ್ನಡದಲ್ಲಿ ಹೇಳುತ್ತಾ ಹೋಗು. ಮಧ್ಯೆ ಮಧ್ಯೆ ಟೂರಿಂಗ್ ಟಾಕೀಸಿನ ವಿಷಯ ಎತ್ತು. 'ನಮೋ ವೆಂಕಟೇಶ' ರೆಕಾರ್ಡು ಕೇಳಿದ ಕೂಡಲೇ ಟಿಕೆಟ್ಟಿಗೆ ಓಡುತ್ತಿದ್ದದ್ದು, ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರುತ್ತಿದ್ದದ್ದು, ಒಂದೇ ಮೆಷಿನ್ನು ಅಂತ ರೀಲಿಗೊಂದು ಸಲ ನಿಲ್ಲಿಸುತ್ತಿದ್ದದ್ದು, ಎಲ್ಲ ಹೇಳುತ್ತಾಳೆ. ನಾನು ಕೇಳಿದರೆ "ನಿನಗೆ ಗೊತ್ತಲ್ಲೋ" ಅಂತ ಸುಮ್ಮನಾಗುತ್ತಾಳೆ. ನೀನು ಕೇಳಿದರೆ ಬಿಡಿಸಿ ಹೇಳುತ್ತಾಳೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊ, ಆದರೆ ಮೊದಲೇ ಹೇಳಬೇಡ. ಹೇಳಿದರೆ ಸೀರೆ ಬದಲಾಯಿಸಲು ಹೋಗುತ್ತಾಳೆ, ಅಲ್ಲಿಗೆ ಒಂದು ಗಂಟೆ ಹೋಯಿತು.

ನಿಮ್ಮಪ್ಪ ಅಮ್ಮನಿಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ದೊಡ್ಡಪ್ಪ