ಹೆಸರು ಯಾರದ್ದಾದರೂ ಆಗಲಿ, ಹಾಡುವವರು ಯಾರೆಂದು ಮೊದಲು ಹೇಳಿ

ಮಾನ್ಯರೇ,

ಶನಿವಾರ ಬೆಂಗಳೂರಿನಲ್ಲಿ ನಡೆದ ವಿದೇಶಿ ಬ್ಯಾಂಡೊಂದರ ರಾಕ್ ಸಂಗೀತ ಕಾರ್ಯಕ್ರಮದ ಬಗ್ಗೆ ಸೋಮವಾರದ ಸಂಚಿಕೆಯಲ್ಲಿ ಬಂದ ವರದಿ ಓದಿ ಸಿಟ್ಟು ಇಮ್ಮಡಿಯಾಯಿತು. ‘ಪ್ರೇಕ್ಷಕರು ಕುಣಿದು ಕುಪ್ಪಳಿಸಿದರು’ ಎಂದು ಬರೆದಿದ್ದೀರಿ. ಕುಣಿದವರು ವೇದಿಕೆಯ ಮುಂದಿನ ನಾಲ್ಕು ಸಾಲಿನವರು. ಹಿಂದಿದ್ದ ನಾವು ಎರಡನೇ ಹಾಡು ಮುಗಿಯುವ ಮೊದಲೇ ಗೇಟಿನ ಕಡೆ ಹೊರಟಿದ್ದೆವು. ಆ ಗೇಟನ್ನೂ ತೆರೆಯದೆ ಅರ್ಧ ಗಂಟೆ ನಿಲ್ಲಿಸಿದರು. ಮುಖ್ಯ ಗಾಯಕ ಬಂದಿರಲಿಲ್ಲ ಎಂಬುದು ನಿಮ್ಮ ವರದಿಯ ಕೊನೆಯ ಸಾಲಿನಲ್ಲಿದೆ. ಅದು ಮೊದಲ ಸಾಲಿನಲ್ಲಿ ಇರಬೇಕಿತ್ತು.

ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಆ ಗಾಯಕನ ಧ್ವನಿ ಕೇಳಿಯೇ ಗಿಟಾರ್ ಕಲಿಯಲು ಹಟ ಹಿಡಿದವಳು. ತಲಾ 4,500 ರೂಪಾಯಿಯ ಎರಡು ಟಿಕೆಟ್, ಅದರ ಮೇಲೆ ಸೇವಾ ಶುಲ್ಕ, ದಾವಣಗೆರೆಯಿಂದ ರೈಲು, ನನಗೆ ಒಂದು ದಿನದ ರಜೆ. ಮೇಖ್ರಿ ವೃತ್ತದಲ್ಲೇ ಒಂದೂವರೆ ಗಂಟೆ ಆಟೊದಲ್ಲಿ ಕುಳಿತೆವು. ಮನೆಯಿಂದ ತಂದ ನೀರಿನ ಬಾಟಲಿಯನ್ನು ಒಳಗೆ ಬಿಡಲಿಲ್ಲ. ಒಳಗೆ ಕುಡಿಯುವ ನೀರಿಗೆ ಎಂಬತ್ತು ರೂಪಾಯಿ. ರಾತ್ರಿ ಎಂಟೂಕಾಲಿಗೆ ವೇದಿಕೆಗೆ ಬಂದ ನಿರೂಪಕ, ಗಾಯಕನಿಗೂ ಉಳಿದ ಸದಸ್ಯರಿಗೂ ಬ್ಯಾಂಡಿನ ಹೆಸರಿನ ವಿಚಾರದಲ್ಲಿ ಅವರ ದೇಶದ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದಿದೆ, ಆದ್ದರಿಂದ ಇಂದು ಬೇರೆಯವರು ಹಾಡುತ್ತಾರೆ ಎಂದ. ದಾವೆ ಹೂಡಿದ್ದು ಅಂದು ಸಂಜೆಯೇ? ಟಿಕೆಟ್ ಮಾರುವಾಗ ಇದು ಯಾರಿಗೂ ತಿಳಿದಿರಲಿಲ್ಲವೇ? ಹಾಗಾದರೆ ಗೇಟಿನ ಮೇಲೆ ಆಳೆತ್ತರಕ್ಕೆ ನಿಲ್ಲಿಸಿದ್ದ ಆ ಗಾಯಕನ ಮುಖ ಯಾತಕ್ಕೆ? ಮಳೆಯಲ್ಲಿ ನೆನೆದು ಮೆಜೆಸ್ಟಿಕ್ ಸೇರುವಷ್ಟರಲ್ಲಿ ರೈಲು ಹೋಗಿತ್ತು. ಒಂದೂವರೆ ಗಂಟೆಗೆ ಸಿಕ್ಕಿದ ಬಸ್ಸಿನಲ್ಲಿ ತುಮಕೂರಿನವರೆಗೂ ನಿಂತೇ ಬಂದೆವು. ಮಗಳು ಊರು ತಲುಪುವವರೆಗೆ ಒಂದು ಮಾತೂ ಆಡಲಿಲ್ಲ.

ಬ್ಯಾಂಡಿನವರು ಜಗಳವಾಡಬಾರದು ಎಂದು ನಾನು ಹೇಳುವುದಿಲ್ಲ. ಬ್ರಿಟನ್ನಿನ ಹೆಸರಾಂತ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನಂಥ ಪಿಂಕ್ ಫ್ಲಾಯ್ಡೇ ಕೋರ್ಟು ಕಂಡಿದೆ. ಅದರ ಗಾಯಕರಲ್ಲಿ ಒಬ್ಬರಾದ ರೋಜರ್ ವಾಟರ್ಸ್ ಹೊರಬಂದ ಮೇಲೆ, ಆ ಹೆಸರನ್ನು ಬ್ಯಾಂಡಿನಲ್ಲೇ ಉಳಿದ ಡೇವಿಡ್ ಗಿಲ್ಮೋರ್ ಮತ್ತು ನಿಕ್ ಮೇಸನ್ ಬಳಸಬಾರದು ಎಂದು 1986ರಲ್ಲಿ ಲಂಡನ್ನಿನಲ್ಲಿ ದಾವೆ ಹೂಡಿದರು. 1987ರ ಡಿಸೆಂಬರ್‌ನಲ್ಲಿ ಥೇಮ್ಸ್ ನದಿಯ ಮೇಲೆ ಗಿಲ್ಮೋರ್ ಅವರ ದೋಣಿಮನೆಯಲ್ಲಿ ರಾಜಿಯಾಯಿತು. ಹೆಸರು ಉಳಿದ ಇಬ್ಬರಿಗೆ ಹೋಯಿತು. ದಾವೆ ಹೂಡಿದ್ದೇ ತಪ್ಪು ಎಂದು ವಾಟರ್ಸ್ 2013ರಲ್ಲಿ ಬಿಬಿಸಿಯ ಮುಂದೆ ಒಪ್ಪಿಕೊಂಡರು. ಅದೇ ವಾಟರ್ಸ್ 2002ರಲ್ಲಿ ಬೆಂಗಳೂರಿಗೆ ಬಂದಾಗ ನಾನು ಅಲ್ಲಿದ್ದೆ. ಟಿಕೆಟ್ ಮೇಲೆ ಇದ್ದದ್ದು ಅವರ ಹೆಸರು, ಬ್ಯಾಂಡಿನದಲ್ಲ. ಯಾರು ಹಾಡುತ್ತಾರೆಂದು ಗೊತ್ತಿದ್ದೇ ಹಣ ಕೊಟ್ಟಿದ್ದೆವು. ಆ ರಾತ್ರಿಯ ನೆನಪಿನ ಬಲದಿಂದಲೇ ಈ ಸಲ ಮಗಳನ್ನು ಕರೆದುಕೊಂಡು ಹೊರಟಿದ್ದು.

ಇನ್ನೊಂದು ಉದಾಹರಣೆ. ಬ್ರಿಟನ್ನಿನದೇ ಇನ್ನೊಂದು ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಮೊದಲ ಗಾಯಕ ರಾಡ್ ಇವಾನ್ಸ್ ಬ್ಯಾಂಡ್ ಬಿಟ್ಟದ್ದು 1969ರಲ್ಲಿ. 1980ರಲ್ಲಿ ಅವರು ಯಾರೋ ನಾಲ್ವರನ್ನು ಕಟ್ಟಿಕೊಂಡು ಅದೇ ಹೆಸರಿನಲ್ಲಿ ಮೆಕ್ಸಿಕೊ, ಅಮೆರಿಕ, ಕೆನಡಾಗಳಲ್ಲಿ ಕಾರ್ಯಕ್ರಮ ಕೊಟ್ಟರು. ಜನ ರೊಚ್ಚಿಗೆದ್ದರು. ಅಮೆರಿಕದ ನ್ಯಾಯಾಲಯ 6,72,000 ಡಾಲರ್ ಪರಿಹಾರ ಮತ್ತು ದಂಡ ವಿಧಿಸಿತು. ಲಾಂಗ್ ಬೀಚ್‌ನ ಕಾರ್ಯಕ್ರಮಕ್ಕೆ ಮುನ್ನ ನಿಜವಾದ ಬ್ಯಾಂಡಿನ ಕಡೆಯವರು ಲಾಸ್ ಏಂಜಲೀಸ್‌ನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಇಂತಿಂಥವರು ಅಲ್ಲಿ ನುಡಿಸುವುದಿಲ್ಲ ಎಂದು ಹೆಸರು ಹೆಸರಾಗಿ ಪ್ರಕಟಿಸಿದ್ದರು. ನಮಗೆ ಅಷ್ಟನ್ನಾದರೂ ಹೇಳುವವರು ಒಬ್ಬರೂ ಇರಲಿಲ್ಲ.

ಅನುಮತಿ ಕೊಟ್ಟ ಅಧಿಕಾರಿಗಳು ಏನು ನೋಡಿ ಸಹಿ ಹಾಕಿದರು? ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವಕ್ಕೆ ಒಂದು ರಸಮಂಜರಿ ಇಡಲು ಹೋದಾಗ, ಹಾಡುವ ಆರು ಮಂದಿಯ ಹೆಸರು, ವಿಳಾಸ, ಒಪ್ಪಿಗೆ ಪತ್ರ ಕೇಳಿದರು. ನಾಲ್ಕು ಸಲ ಅಲೆಸಿದರು. ಒಬ್ಬ ಗಾಯಕಿಗೆ ಜ್ವರ ಬಂದು ಬೇರೆಯವರನ್ನು ಕರೆಸಿದ್ದಕ್ಕೆ ಹೊಸ ಅರ್ಜಿ ಬರೆಸಿಕೊಂಡರು. ರಾತ್ರಿ ಹತ್ತಕ್ಕೆ ಸರಿಯಾಗಿ ಬಂದು ಧ್ವನಿವರ್ಧಕದ ತಂತಿ ಕಿತ್ತರು. ಅದೇ ಬಡಾವಣೆಯ ಮುಖ್ಯರಸ್ತೆಯ ದೀಪ ಹೋಗಿ ಒಂಬತ್ತು ತಿಂಗಳಾಯಿತು, ಕೇಳುವವರಿಲ್ಲ. ಬಡವರ ಬೀದಿಯ ಹಾಡಿಗೆ ಇಷ್ಟು ಕಾಗದ, ಕೋಟಿಗಟ್ಟಲೆ ವಹಿವಾಟಿನ ಕಾರ್ಯಕ್ರಮಕ್ಕೆ ಗಾಯಕ ಯಾರೆಂಬ ಪ್ರಶ್ನೆಯೂ ಇಲ್ಲ!

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹಾಕುವವರು ಯಾರು? ನಾನು ಎರಡು ದಿನದಿಂದ ಟಿಕೆಟ್ ಮಾರಿದವರಿಗೆ ಕರೆ ಮಾಡುತ್ತಿದ್ದೇನೆ. ‘ಕಾರ್ಯಕ್ರಮ ನಡೆದಿದೆ, ಹಣ ಹಿಂದಿರುಗಿಸಲಾಗದು’ ಎನ್ನುತ್ತಾರೆ. ನಮ್ಮ ಹಣ ವಾಪಸ್ ಬರಬೇಕು. ಇಲ್ಲವಾದರೆ ಆ ಗಾಯಕನನ್ನೇ ಕರೆಸಿ ಇದೇ ಟಿಕೆಟಿಗೆ ಹಾಡಿಸಬೇಕು. ಸಹಿ ಹಾಕಿದ ಅಧಿಕಾರಿ ಪತ್ರಿಕೆಯ ಮೂಲಕವೇ ಉತ್ತರ ಕೊಡಬೇಕು. ಮಕ್ಕಳ ಆಸೆಯ ಮೇಲೆ ವ್ಯಾಪಾರ ಮಾಡಲು ಇವರಿಗೆ ನಾಚಿಕೆಯಾಗಬೇಕು. ಆ ಗಾಯಕನ ಮುಖದ ಫ್ಲೆಕ್ಸ್ ಇನ್ನೂ ಗೇಟಿನ ಮೇಲೆಯೇ ಇದೆ ಎಂದು ಬೆಂಗಳೂರಿನಲ್ಲಿರುವ ನನ್ನ ತಮ್ಮ ನಿನ್ನೆ ಹೇಳಿದ. ಮೊದಲು ಅದನ್ನಾದರೂ ಇಳಿಸಿ.

– ನೊಂದ ಪ್ರೇಕ್ಷಕ, ದಾವಣಗೆರೆ