ಕಡಿಮೆ ಖರ್ಚಿನಲ್ಲಿ ಪಡಸಾಲೆಗೆ ಹೊಸ ಕಳೆ: ಸದಸ್ಯರ ಗಮನಕ್ಕೆ

ಚಿತ್ರದುರ್ಗದ ನಮ್ಮ ಬಡಾವಣೆಯ ಆತ್ಮೀಯ ಸದಸ್ಯರೇ,

ಹಬ್ಬಕ್ಕೆ ಮುನ್ನ ಪಡಸಾಲೆಯನ್ನು ಚೆಂದಗಾಣಿಸಬೇಕೆಂದಿರುವವರು ಹೊಸ ಸೋಫಾ ಕೊಳ್ಳುವ ಮೊದಲು ಗೋಡೆಯನ್ನು ನೋಡಬೇಕೆಂದು ಕೋರುತ್ತೇನೆ. ಕಿಟಕಿಯ ಕೆಳಗೆ ಬಣ್ಣವು ಹಪ್ಪಳದಂತೆ ಎದ್ದಿದ್ದರೆ ಅದು ತೇವದ ಗುರುತು. ನೀರು ಇಳಿಯುವ ಬಿರುಕನ್ನು ಮೊದಲು ಮುಚ್ಚಿಸಿ; ಗೋಡೆ ಪೂರ್ತಿ ಒಣಗುವ ಮುನ್ನವೇ ಬಳಿದ ಡಿಸ್ಟೆಂಪರ್ ಮತ್ತೆ ಉದುರುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಆಗಿ, ಕೂಲಿಯೂ ಬಣ್ಣವೂ ವ್ಯರ್ಥವಾದವು. ಹಣ ಸಾಲದಿದ್ದರೆ ಬಾಗಿಲಿಗೆ ಎದುರಾಗುವ ಒಂದು ಗೋಡೆಗೆ ಬಳಿಸಿದರೂ ಸಾಕು.

ದಿವಾನ್ ಮೇಲೆ ಚಳ್ಳಕೆರೆಯ ಕರಿ ಕಂಬಳಿಯನ್ನು ಹಾಸಿ, ಮಡಿಕೆಯಲ್ಲಿ ಸೀಳಿಹೋದ ಹಳೆಯ ಮೊಳಕಾಲ್ಮೂರು ಸೀರೆಯಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುವ ಅಂಚನ್ನೂ ಸೆರಗನ್ನೂ ದಿಂಬಿನ ಗವಸಾಗಿ ಹೊಲಿಸಿದರೆ, ನಮ್ಮ ಜಿಲ್ಲೆಯ ನೇಯ್ಗೆಯೇ ಕೋಣೆಯನ್ನು ಬೆಳಗುತ್ತದೆ; ಅಂಗಡಿಯ ಯಾವ ಗವಸೂ ನನಗೆ ಅಷ್ಟು ಹಿಡಿಸಿಲ್ಲ. ಹಳೆಯ ರೇಷ್ಮೆ ಬೇಗ ಹರಿಯುವುದರಿಂದ, ಒಳಗೆ ಹತ್ತಿ ಬಟ್ಟೆಯ ಲೈನಿಂಗ್ ಕೊಡಿಸುವುದನ್ನು ದಯವಿಟ್ಟು ಮರೆಯಬೇಡಿ.